ಮೂರನೇ ವಾರದ ಪಾಠ

ಪಠ್ಯಯೋಜನೆಯಲ್ಲಿ ನಾನೇ ಬರೆದದ್ದು:
ಮೂರನೇ ವಾರ, ಮಂಗಳವಾರ, ಹತ್ತೂವರೆ,
ಕ್ರೀ ಜನರ ಕಥನ. ಅತಿಥಿ: ವರ್ನಾ ಓಕೆಮೌ.
ಅಂಕ ಇಪ್ಪತ್ತು.

ಬಂದಳು, ಮಂಡಿನೋವಿನ ನಡಿಗೆ, ಬಗಲಲ್ಲಿ ಥರ್ಮಾಸು.
ಕಪ್ಪು ಗೋಡೆ, ಕಪ್ಪು ನೆಲ, ಕಪ್ಪು ಪರದೆಯ
ನಮ್ಮ ರಂಗಕೋಣೆಯನ್ನು ಒಂದು ಸುತ್ತು ನೋಡಿ
‘ಕಿಟಕಿ ಎಲ್ಲಿ?’ ಎಂದಳು.
ಇಲ್ಲ ಅಂದೆ, ತುಸು ಹೆಮ್ಮೆಯಿಂದಲೇ.
ಇಲ್ಲಿ ಹಗಲನ್ನೂ ನಾವೇ ಮಾಡಿಕೊಳ್ಳುತ್ತೇವೆ,
ನಲವತ್ತೆಂಟು ದೀಪಗಳಿವೆ.
‘ಮತ್ತೆ ಹಿಮ ಬಿದ್ದದ್ದು ನಿಮಗೆ ಹೇಗೆ ಗೊತ್ತಾಗುತ್ತೆ?’

ಸೆಪ್ಟೆಂಬರು. ಹೊರಗೆ ಸಾಸ್ಕಟೂನಿನ ಬಿಸಿಲು,
ಕೊಯ್ಲಿನ ಧೂಳು, ನದಿದಂಡೆಯಲ್ಲಿ ಹಳದಿಗೆ ತಿರುಗಿದ ಪಾಪ್ಲರ್.
ಆ ಕಥೆಗಳು ಚಳಿಗಾಲದವು, ಅಂದಳು,
ನೆಲ ಬೆಳ್ಳಗಾಗದೆ ಬಾಯಿಗೆ ಬರುವುದಿಲ್ಲ.
ಈಗಲೇ ಹೇಳಿದರೆ ಏನಾಗುತ್ತದೆ? ಟರಾಸ್ ಕೇಳಿದ,
ಗೋಧಿ ಬೆಳೆಯುವವರ ಮಗ, ಎಲ್ಲಕ್ಕೂ ಬುಡ ಕೆದಕುವವ.
‘ನಮ್ಮಜ್ಜಿ ಹೇಳುತ್ತಿರಲಿಲ್ಲ.’
ಅಷ್ಟೇ. ಚಹಾ ಕುಡಿದಳು. ಬಸ್ಸು ಹಿಡಿದಳು.

ಇಪ್ಪತ್ತೆರಡು ವರ್ಷ ನಟನೆ ಕಲಿಸಿದವನು ನಾನು.
ಅಳು ಬರಬೇಕಾದರೆ ಬೆನ್ನು ಎಲ್ಲಿ ಬಾಗಬೇಕು, ಗೊತ್ತು.
ಹೆಣವಾಗಿ ಮಲಗಿ ಉಸಿರಾಡುವುದು ಗೊತ್ತು.
ಯಾವ ಮೌನಕ್ಕೆ ಎಷ್ಟು ಸೆಕೆಂಡು ಎಂದು
ಗಡಿಯಾರ ನೋಡದೆ ಹೇಳಬಲ್ಲೆ.
ಐದು ವಾರದ ಮೌನವನ್ನು ಮಾತ್ರ
ಯಾರಿಗೂ ಅಭ್ಯಾಸಕ್ಕೆ ಕೊಟ್ಟಿರಲಿಲ್ಲ.

ಮುಂದಿನ ಮಂಗಳವಾರವೂ ಬಂದಳು. ಅದರ ಮುಂದಿನದೂ.
ಸೆಟ್ಟು ಸಾಗಿಸುವ ಹಿಂಬದಿಯ ಕಬ್ಬಿಣದ ಶಟರನ್ನು
ಹನ್ನೊಂದು ಮಂದಿ ಸೇರಿ ಎತ್ತಿದರು.
ಹಳೆ ನಾಟಕದ ಮುರುಕು ಸಿಂಹಾಸನ,
ಪ್ಲೈವುಡ್ಡಿನ ಮೆಟ್ಟಿಲು, ಸಿಕ್ಕಿದ್ದರ ಮೇಲೆ ಕೂತು
ಆಕಾಶ ನೋಡಿದರು.
ಕಥೆಯೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದಳು ವರ್ನಾ:
ಮೊಲಕ್ಕೆ ಉರುಳು ಕಟ್ಟುವುದು, ಬಿಂಗೊದಲ್ಲಿ ಸೋತದ್ದು,
ಪಾದ್ರಿಗಳ ವಸತಿಶಾಲೆಯಲ್ಲಿ, ಊಟದ ಸಾಲಿನಲ್ಲಿ,
ತುಟಿ ಅಲ್ಲಾಡಿಸದೆ ಕ್ರೀ ಮಾತಾಡುವ ವಿದ್ಯೆ.
‘ನೀವು ತುಟಿ ಅಲ್ಲಾಡಿಸಲು ಕಲಿಸುತ್ತೀರಿ.
ನಾವು ಉಲ್ಟಾ ಕಲಿತೆವು.’ ನಕ್ಕಳು.
ನಗಲೋ ಬೇಡವೋ ತಿಳಿಯದೆ
ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.
ಕೈ ಎಲ್ಲಿಡಬೇಕೆಂದು ತಿಳಿಯದ ನಟರು ಹೀಗೆ ಮಾಡುತ್ತಾರೆ;
ನಾನೇ ಬೈಯುತ್ತೇನೆ.

ಕಚೇರಿಯಿಂದ ಪತ್ರ: ಇಷ್ಟು ವಾರಗಳ ಕಲಿಕೆಯ ಫಲವೇನು?
ಕಾಯುತ್ತಿದ್ದಾರೆ, ಎಂದು ಬರೆದೆ.
ತಮಾಷೆ ಎಂದುಕೊಂಡರು.

ಕಾಯುವುದನ್ನು ನಟಿಸಿ ಎಂದು ಪ್ರತಿ ವರ್ಷ ಕೊಡುತ್ತೇನೆ.
ಪ್ರತಿ ವರ್ಷ ಎಲ್ಲರೂ ಮಣಿಕಟ್ಟು ನೋಡಿಕೊಳ್ಳುತ್ತಾರೆ.
ಅಕ್ಟೋಬರಿನ ಆ ಬೆಳಿಗ್ಗೆ, ಲಾ ರೊಂಜ್ ಕಡೆಯ ಕೇಲೀನ್
ಶಟರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.
ಏನೂ ಮಾಡುತ್ತಿರಲಿಲ್ಲ.
ಕಣ್ಣು ಕೀಳಲಾಗಲಿಲ್ಲ ನನಗೆ.

ಬಿದ್ದದ್ದು ಮಂಗಳವಾರವಲ್ಲ, ಗುರುವಾರ,
ಬೆಳಕಿನ ಪರೀಕ್ಷೆಯ ನಡುವೆ.
ಕೇಲೀನ್ ಹಿಂಬಾಗಿಲಿನಿಂದ ಬಂದು
ಮಾತಿಲ್ಲದೆ ಹದಿನೇಳನೇ ದೀಪದ ಕೆಳಗೆ ನಿಂತಳು.
ಕೂದಲಲ್ಲಿ ಬಿಳಿ ಚೂರುಗಳು. ನೋಡನೋಡುತ್ತ ನೀರಾದವು.
ಟರಾಸ್ ಫೋನಿಗೆ ಓಡಿದ.
ವರ್ನಾ ಮೊಮ್ಮಗನ ಟ್ರಕ್ಕಿನಲ್ಲಿ ಬಂದಳು,
ಎಲ್ಲ ದೀಪ ಆರಿಸಿ ಅಂದಳು,
ಅರ್ಧ ತೆರೆದ ಶಟರಿನ ಬೂದು ಬೆಳಕಿನಲ್ಲಿ
ಮುರುಕು ಸಿಂಹಾಸನದ ಮೇಲೆ ಕೂತು ಶುರುಮಾಡಿದಳು.

ಆ ಕಥೆಯನ್ನು ಇಲ್ಲಿ ಬರೆಯುವುದಿಲ್ಲ.
ನೀವಿದನ್ನು ಓದುವುದು ಯಾವ ತಿಂಗಳಲ್ಲೋ,
ಹಿಮವೇ ಕಾಣದ ಯಾವ ಊರಿನಲ್ಲೋ.
ಅವಳ ಮೌನಗಳ ಸೆಕೆಂಡು ಎಣಿಸಲು ಮರೆತೆ
ಎಂದಷ್ಟೇ ಹೇಳಬಲ್ಲೆ.

ಆಮೇಲೆ ಅಂಕಪಟ್ಟಿ ಹಿಡಿದು ಕೇಳಿದೆ,
ಇಪ್ಪತ್ತರಲ್ಲಿ ಯಾರಿಗೆ ಎಷ್ಟು?
ಥರ್ಮಾಸಿನ ಮುಚ್ಚಳ ತಿರುಗಿಸುತ್ತ
ಬಾಗಿಲ ಬಳಿ ನೋಡಿದಳು:
‘ಎಲ್ಲರೂ ಬೂಟು ಒರೆಸಿಕೊಂಡು ಬಂದರಲ್ಲ.’